ಮೀನುಮರಿಗೆ ಕಾವಲು ಕೂತ ಮಾವ

ನಮ್ಮ ಸೋದರಮಾವ ನೀರು ನೋಡಿಯೇ ಅದರೊಳಗಿನ ಮೀನಿನ ಸಂಸಾರ ಹೇಳಿಬಿಡುತ್ತಾರೆ. ಬುರುಡೆ ಅನ್ನಬೇಡಿ! ಕಣ್ವ ಹೊಳೆಯ ದಡದಲ್ಲಿ ನಿಂತು, "ಅಗೋ, ಆ ಜೊಂಡಿನ ಪಕ್ಕ ಕುಚ್ಚು ಮೀನು ಮರಿ ಮಾಡೈತೆ" ಅಂದರೆ ಮಾಡಿರಲೇಬೇಕು. ನನಗೆ ಕಾಣುವುದು ಬರೀ ನೀರು. ಅವರಿಗೆ ಕಾಣದಿರುವುದು ಹಣೆಯ ಮೇಲೆ ಏರಿಸಿಕೊಂಡ ಅವರದೇ ಕನ್ನಡಕ ಮಾತ್ರ.

ಕುಚ್ಚು ಮೀನಿನ ಮರಿಗಳು ಕೆಂಪಗೆ ಒಂದೇ ಗುಂಪಾಗಿ ನೀರಿನ ಮೇಲೆ ಕುದಿಯುತ್ತಿರುತ್ತವೆ. ಕೆಳಗೆ ಹೆತ್ತವರ ಕಾವಲು. ಗುಂಪಿನ ನಡುವೆ ಕಪ್ಪೆ ಸಿಕ್ಕಿಸಿದ ಗಾಳ ಬಿಟ್ಟರೆ, ಹಸಿವಿಲ್ಲದಿದ್ದರೂ ಹೆತ್ತವು ಸಿಟ್ಟಿಗೆ ಕಚ್ಚುತ್ತವೆ. ಮಾವ ಜೀವಮಾನವಿಡೀ ಹಿಡಿದದ್ದು ಹೀಗೇ. ಆ ಸಾರಿಗೆ ನಾನೂ ಸಾಕ್ಷಿ, ಎರಡೆರಡು ಮುದ್ದೆ ಹಾಕಿಸಿಕೊಂಡ ಸಾಕ್ಷಿ!

ಈಚೆಗೆ ಹೊಳೆಯಲ್ಲಿ ಮರಿಗಳೇ ಇಲ್ಲ. ಮಾವ ಮೊದಲು ಚರಂಡಿ ನೀರನ್ನು ಬೈದರು, ಆಮೇಲೆ ಬೆಳ್ಳಕ್ಕಿಗಳನ್ನು, ಕೊನೆಗೆ ಸರ್ಕಾರವನ್ನು. ಈ ವರ್ಷ ಇಡೀ ಹೊಳೆಯಲ್ಲಿ ಕಂಡದ್ದು ಒಂದೇ ಗುಂಪು. ಅಭ್ಯಾಸಬಲ ನೋಡಿ, ಅದಕ್ಕೂ ಗಾಳ ಬಿಟ್ಟರು! ಮೀನು ಬಂತು, ಊಟವೂ ಆಯಿತು. ಕೈ ತೊಳೆಯುತ್ತಿದ್ದವರು ಹಾಗೇ ಅತ್ತೆಯ ಕಡೆ ತಿರುಗಿದರು.

"ಅಲ್ಲ ಕಣೇ, ಜೊತೇದು ಹೆದ್ರಿ ಓಡೋಗಿರ್ತೈತೆ. ಆ ಮರಿಗಳ್ನ ಇನ್ನ್ಯಾರು ಕಾಯೋರು?"

ಯಾರೇನು, ಮಾವನೇ! ಮಾರನೆಯ ದಿನದಿಂದ ಕೊಡೆ, ಕೋಲು, ಬುತ್ತಿ. ಮನೆಯಲ್ಲಿ ರೇಷ್ಮೆಹುಳು ಸೊಪ್ಪಿಗೆ ಬಾಯಿಬಿಡುತ್ತಿದ್ದರೆ ಇವರು ಮಿಂಚುಳ್ಳಿಯ ಜೊತೆ ಜಗಳಕ್ಕೆ ನಿಂತಿದ್ದರು.

"ನಮ್ ಮಕ್ಳು ತೊಟ್ಲಲ್ಲಿ ಅತ್ತಾಗ ಒಂದ್ಸಲ ಎದ್ದವ್ರಾ ಕೇಳು!" ಎಂದರು ಅತ್ತೆ.

ಒಬ್ಬ ಸೊಳ್ಳೆ ಪರದೆ ಹಿಡಿದು ಮರಿ ಬಾಚಲು ಬಂದ. ಮಾವ ಕೋಲೆತ್ತಿದರು.

"ಹೊಳೆ ಮೀನು ನಿಂದೇನಣ್ಣ?"

"ನಂದೇ ಕಣ್ಲಾ! ಅವುಗಳವ್ವನ್ನ ತಿಂದಿರೋನು ನಾನೇ!"

ಇಂಥ ಹಕ್ಕುಪತ್ರದ ಮುಂದೆ ಯಾರು ನಿಂತಾರು? ಅವನು ಪರದೆ ಸುತ್ತಿಕೊಂಡು ಹೊರಟ.

ಹತ್ತು ದಿನ ಕಳೆದ ಮೇಲೆ ಬುತ್ತಿ ಕೊಡಲು ನಾನು ಹೋದೆ. ಮರಿಗಳೆಲ್ಲ ಒಟ್ಟಿಗೇ ಮೇಲೆ ಬಂದು, ಉಸಿರೆಳೆದು, ಒಟ್ಟಿಗೇ ಮುಳುಗುತ್ತಿದ್ದವು. ಅಷ್ಟರಲ್ಲಿ ಗುಂಪು ಜೊಂಡು ಬಿಟ್ಟು ನಡುನೀರಿಗೆ ಹೊರಟಿತು. ಮಾವ ನೀರಿಗಿಳಿದು, ಹಿಂದಕ್ಕೆ ತಳ್ಳಲು ಮೆಲ್ಲಗೆ ಕೈ ಚಾಚಿದರು. ನೀರು ಚಿಮ್ಮಿತು. ಮೇಲೆತ್ತಿದ ಬೆರಳಲ್ಲಿ ರಕ್ತ!

"ಹಾವು ಮಾವ, ಹಾವು!" ಎಂದು ಕಿರುಚಿಕೊಂಡೆ.

ಮಾವ ನಗುತ್ತಿದ್ದರು. "ಹಾವಲ್ಲ ಕಣವ್ವ, ಮೀನು! ಜೊತೇದು ಓಡೋಗಿಲ್ಲ! ಇಷ್ಟ್ ದಿನ ಇಲ್ಲೇ ಕೂತು ನನ್ನಿಂದ ಮರಿ ಕಾಯ್ತಾ ಐತೆ!"

ಬಟ್ಟೆ ಕಟ್ಟಲು ಹೋದರೆ ಬೆರಳು ಕೊಡಲಿಲ್ಲ. ನಗು ಯಾವಾಗ ಅಳುವಾಯಿತೋ ನನಗೂ ತಿಳಿಯಲಿಲ್ಲ. ಆ ದೊಡ್ಡ ಗಂಡಸು ನೀರಿಗೆ ಬೆನ್ನು ತೋರಿಸದೆ, ಹಿಂದಿಂದಕ್ಕೇ ಹೆಜ್ಜೆಯಿಟ್ಟು ದಡಕ್ಕೆ ಬಂದು, ರಕ್ತದ ಕೈಯನ್ನೇ ಮುಗಿದರು.

"ತಪ್ಪಾಯ್ತು ಕಣಪ್ಪಾ. ಇನ್ ನೀನೇ ನೋಡ್ಕೋ."