ಡ್ರಿಲ್ ಮೇಷ್ಟ್ರ ಮೊದಲ ಸಲಹೆ

ಡ್ರಿಲ್ ಮೇಷ್ಟ್ರು ಹಣಕಾಸು ಸಲಹೆಗಾರರಾದದ್ದಕ್ಕೆ ಮೂಲ ಕಾರಣ ಒಂದು ಪ್ಯಾಂಟು. ಮಂಡಿ ಬಗ್ಗಿಸದೆ ಕಾಲ್ಬೆರಳು ಮುಟ್ಟುವುದು ಹೇಗೆಂದು ಆರನೇ ತರಗತಿಯ ಮಕ್ಕಳಿಗೆ ತೋರಿಸಲು ಅವರು ಬಗ್ಗಿದರು. ಕೈ ಹೋಗಿ ಕಾಲಿಗಿಂತ ಒಂದು ಗೇಣು ಮೇಲೆಯೇ ನಿಂತಿತು. ಮರ್ಯಾದೆಯ ಪ್ರಶ್ನೆ ನೋಡಿ, ಇನ್ನಷ್ಟು ಬಗ್ಗಿದರು. ಹಿಂದುಗಡೆ ಹಳೆಯ ಚೀಲ ಹರಿದಂತೆ ಪರ್ರೆಂದು ಸದ್ದಾಯಿತು. ಐವತ್ತೆರಡು ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ. ಹತ್ತೊಂಬತ್ತು ವರ್ಷ ಅವರೇ ಕಲಿಸಿದ ಶಿಸ್ತು ಅದು. ನಕ್ಕಿದ್ದರೆ ಗದರಿಸಿ ಸುಮ್ಮನಾಗಬಹುದಿತ್ತು. ಆ ಮೌನ ಮಾತ್ರ ಮೇಷ್ಟ್ರ ಎದೆಗೆ ನಾಟಿಬಿಟ್ಟಿತು.

ಹಾಜರಿ ಪುಸ್ತಕವನ್ನು ಹಿಂದಕ್ಕೆ ಅಡ್ಡ ಹಿಡಿದುಕೊಂಡು ಮನೆಗೆ ಬಂದರೆ, ಹೆಂಡತಿಯ ತಮ್ಮ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ ಬೂಟು, ಮಡಿಕೆ ಮುರಿಯದ ಅಂಗಿ. ಅವನೇನು ಕೆಲಸ ಮಾಡುತ್ತಾನೆಂದು ಮನೆಯವರಿಗೆ ಸರಿಯಾಗಿ ತಿಳಿದಿರಲಿಲ್ಲ; ಚೆನ್ನಾಗಿ ಮಾಡುತ್ತಾನೆಂಬುದು ಮಾತ್ರ ಎಲ್ಲರಿಗೂ ತಿಳಿದಿತ್ತು. "ಬಿಸಿಲಲ್ಲಿ ನಿಂತು ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿದ್ದು ಸಾಕು ಭಾವ," ಎಂದ ಅವನು. "ಫ್ಯಾನಿನ ಕೆಳಗೆ ಕೂತು ಲಕ್ಷದಲ್ಲಿ ಎಣಿಸೋ ಕೆಲಸ ಇದೆ. ನಿಮ್ಮ ಗತ್ತಿಗೆ ಜನ ಸಾಲುಗಟ್ಟಿ ನಿಲ್ತಾರೆ."

ಜನರನ್ನು ಸಾಲುಗಟ್ಟಿ ನಿಲ್ಲಿಸುವುದರಲ್ಲಿ ಮೇಷ್ಟ್ರಿಗೆ ಅನುಭವವಿತ್ತು. ಆ ವಾರವೇ ರಾಜೀನಾಮೆ ಬರೆದು ಹೆಡ್ ಮೇಡಂ ಮೇಜಿನ ಮೇಲಿಟ್ಟು ಬಂದರು. ಮೂರು ವಾರ ತರಬೇತಿ, ಒಂದು ಪರೀಕ್ಷೆ, ಒಂದು ಕೋಟು, ಇನ್ನೂರು ವಿಸಿಟಿಂಗ್ ಕಾರ್ಡು. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಊರವರ ರಕ್ತ ಪರೀಕ್ಷಿಸುವ ಹೆಂಡತಿ ಆ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದಳು. "ತರಕಾರಿಯವನು ಹೇಳಿದಷ್ಟು ಕೊಟ್ಟು, ಅವನಿಗೇ ಥ್ಯಾಂಕ್ಸ್ ಹೇಳಿ ಬರೋರು ನೀವು. ಇನ್ನೊಬ್ಬರ ದುಡ್ಡಿಗೆ ನೀವು ಬುದ್ಧಿ ಹೇಳ್ತೀರಾ?" ಎಂದು ಕೇಳಿದಳು. ತರಕಾರಿ ಬೇರೆ, ಸಂಪತ್ತು ಬೇರೆ ಎಂದು ಮೇಷ್ಟ್ರು ವಿವರಿಸಿದರು. ಅವಳು ವಾದಿಸಲಿಲ್ಲ, ಮುಂದಿನ ತಿಂಗಳಿಂದ ರಾತ್ರಿ ಪಾಳಿ ಕೂಡ ಮಾಡುತ್ತೇನೆಂದಷ್ಟೇ ಹೇಳಿದಳು.

ಕೆಲಸದ ಮೊದಲ ದಿನ ಬೆಳಗ್ಗೆ ಒಂಬತ್ತಕ್ಕೆ ಹತ್ತು ನಿಮಿಷವಿರುವಾಗಲೇ ಮೇಷ್ಟ್ರು ಆಫೀಸಿನ ಬಾಗಿಲಲ್ಲಿ ಹಾಜರು. ಒಳಗೆ ಮ್ಯಾನೇಜರ್ ಕುರ್ಚಿಯಲ್ಲಿ ಕೂತಿದ್ದವಳನ್ನು ನೋಡಿ ಅವರು ಹೊಸ್ತಿಲಲ್ಲೇ ನಿಂತರು. ಎಂಟನೇ ತರಗತಿಯಲ್ಲಿ ದಿನಾ ತಡವಾಗಿ ಬರುತ್ತಿದ್ದ, ಮೇಷ್ಟ್ರಿಂದ ಮೈದಾನಕ್ಕೆ ವರ್ಷವಿಡೀ ಸುತ್ತು ಹೊಡೆಸಿಕೊಂಡ ಹುಡುಗಿ ಅವಳು. ಅವಳಂತೂ ಎದ್ದು ನಿಂತು ನಮಸ್ಕಾರ ಮಾಡಿದಳು. ಕಾಫಿ ತರಿಸಿದಳು. ನಿಮ್ಮಿಂದಲೇ ನನಗೆ ಓಡುವ ಅಭ್ಯಾಸವಾಯಿತು, ಈ ವೃತ್ತಿಯಲ್ಲಿ ಅದೇ ಮುಖ್ಯ ಎಂದಳು. ಆಮೇಲೆ ನಯವಾಗಿ ಸೇರಿಸಿದಳು: "ಸಂಜೆ ಐದರೊಳಗೆ ಒಬ್ಬರಾದರೂ ಗಿರಾಕಿ ಬೇಕು ಮೇಷ್ಟ್ರೇ. ಮೊದಲ ದಿನ ಬರಿಗೈಲಿ ಬಂದವರನ್ನ ಮೇಲಿನವರು ಇಟ್ಟುಕೊಳ್ಳೋದಿಲ್ಲ. ನನ್ನ ಕೈಲಿ ಏನೂ ಇಲ್ಲ."

ಮೇಷ್ಟ್ರು ಅರಿವಿಲ್ಲದೆ ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತರು.

ಮೊದಲು ಹೋದದ್ದು ತಮ್ಮ ಮನೆಯ ಮೇಲಿನ ಮಹಡಿಗೆ. ಅಲ್ಲಿದ್ದ ನಿವೃತ್ತ ಪೋಸ್ಟ್ ಮಾಸ್ತರರಿಗೆ ಪಿಂಚಣಿ ಬರುತ್ತಿತ್ತು, ಹೊತ್ತು ಹೋಗುತ್ತಿರಲಿಲ್ಲ. ಇಂಥವರೇ ಒಳ್ಳೆಯ ಗಿರಾಕಿಗಳೆಂದು ತರಬೇತಿಯಲ್ಲಿ ಹೇಳಿದ್ದರು. ಮೆಲುದನಿಯಲ್ಲಿ ಮಾತಾಡಬೇಕೆಂದೂ ಹೇಳಿದ್ದರು. ಆದರೆ ಹತ್ತೊಂಬತ್ತು ವರ್ಷ ಮೈದಾನದ ಆಚೆ ತುದಿಗೆ ಕೇಳಿಸಿದ ಗಂಟಲು ಮೂರು ವಾರದಲ್ಲಿ ಬದಲಾಗುತ್ತದೆಯೇ? "ನಾಳೆ ನಿಮಗೇನಾದರೂ ಆದ್ರೆ ನಿಮ್ಮ ಹೆಂಡತಿ ಗತಿ ಏನು?" ಎಂದು ಮೇಷ್ಟ್ರು ಕಳಕಳಿಯಿಂದಲೇ ಕೇಳಿದರು. ಅದು ಮೂರು ಮನೆಗೆ ಕೇಳಿಸಿತು.

ಒಳಗಿದ್ದ ಮಾಸ್ತರರ ಹೆಂಡತಿ, ಕೆಳಮನೆಯವರು ಯಜಮಾನರಿಗೆ ಬೆದರಿಕೆ ಹಾಕುತ್ತಿದ್ದಾರೆಂದು ತಿಳಿದು ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದರು. ಎದುರುಮನೆಯ ವಕೀಲರು ಟವೆಲಿನಲ್ಲೇ ಓಡಿಬಂದು ಸಾಕ್ಷಿ ಹೇಳಲು ಸಿದ್ಧರಾದರು. ಜಗಳ ಯಾವುದರ ಬಗ್ಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ರಾಜಿ ಮಾಡಿಸುವ ಉತ್ಸಾಹ ಮಾತ್ರ ಎಲ್ಲರಿಗೂ ಇತ್ತು. ವಿಷಯ ತಿಳಿಯಾಗುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆಯಿತು. ಆಮೇಲೆ ಪೋಸ್ಟ್ ಮಾಸ್ತರರು ಮೇಷ್ಟ್ರನ್ನು ಕೂರಿಸಿಕೊಂಡು, ಉಳಿತಾಯವೆಂದರೇನು ಎಂದು ಒಂದು ಗಂಟೆ ಪಾಠ ಮಾಡಿದರು. ಹೊರಡುವಾಗ ಮೇಷ್ಟ್ರ ಕೈಯಲ್ಲಿ ಮಾಸ್ತರರೇ ತುಂಬಿಕೊಟ್ಟ ಅಂಚೆ ಉಳಿತಾಯದ ಅರ್ಜಿಯಿತ್ತು. ಮೇಷ್ಟ್ರ ಸಹಿಯೊಂದೇ ಬಾಕಿ.

ಮಧ್ಯಾಹ್ನ ಬೀದಿ ತಿರುವಿನ ಕ್ಷೌರದಂಗಡಿಗೆ ಹೋದರು. ಊರಿನ ದುಡ್ಡಿನ ಮಾತೆಲ್ಲ ನಡೆಯುವುದು ಅಲ್ಲೇ. ಬೆಂಚಿನ ಮೇಲೆ ನಾಲ್ವರು ಸರದಿಗೆ ಕಾದಿದ್ದರು. ನಾಲ್ವರೂ ಹಳೆಯ ಶಿಷ್ಯರು. ಮೇಷ್ಟ್ರು ನಿಂತುಕೊಂಡೇ ತಮ್ಮ ಕಂಪನಿಯ ಹೂಡಿಕೆ ಯೋಜನೆಯನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದರು. ಎಲ್ಲರೂ ಗೌರವದಿಂದ ಕೇಳಿದರು. ಯಾರದೋ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದ ಕ್ಷೌರಿಕ ಬ್ರಷ್ ತೆಗೆಯದೆ ಒಂದೇ ಪ್ರಶ್ನೆ ಕೇಳಿದ.

"ನೀವು ಎಷ್ಟು ಹಾಕಿದ್ದೀರಿ ಮೇಷ್ಟ್ರೇ?"

ಮೇಷ್ಟ್ರು ಸುಳ್ಳು ಹೇಳುವವರಲ್ಲ. ಇನ್ನೂ ಏನೂ ಹಾಕಿಲ್ಲ ಎಂದರು. ಕ್ಷೌರಿಕ ತಲೆಯಾಡಿಸಿ ಮತ್ತೆ ನೊರೆ ಹಚ್ಚತೊಡಗಿದ.

ಅವರ ಮುಜುಗರ ನೋಡಲಾರದೆ ಬೆಂಚಿನ ಮೇಲಿದ್ದ ಲಾರಿ ಡ್ರೈವರ್ ಮಾತು ಬದಲಿಸಿದ. ದಿನಾ ಹತ್ತು ಗಂಟೆ ಕೂತು ಸೊಂಟ ಹಿಡಿದುಕೊಂಡಿದೆ, ಏನು ಮಾಡಲಿ ಎಂದು ಕೇಳಿದ. ಮೇಷ್ಟ್ರು ಕೋಟು ಬಿಚ್ಚಿ ಕನ್ನಡಿಯ ಮೂಲೆಗೆ ನೇತುಹಾಕಿದರು. ಅವನನ್ನು ನೆಲದ ಮೇಲೆ ಮಲಗಿಸಿ, ಕಾಲು ಎತ್ತಿಸಿ, ಉಸಿರು ಬಿಡಿಸಿ, ಎಂಟರವರೆಗೆ ಎಣಿಸಿದರು. ಎದ್ದು ನಿಂತ ಡ್ರೈವರ್, ಎರಡು ವರ್ಷದ ನೋವು ಅರ್ಧ ಇಳಿಯಿತು ಎಂದ. ಉಳಿದ ಮೂವರೂ ಸಾಲಿನಲ್ಲಿ ಮಲಗಿದರು. ನೊರೆ ಹಚ್ಚಿಕೊಂಡಿದ್ದವನೂ ಕುರ್ಚಿಯಿಂದ ಇಳಿದ. ಏಕೆ, ಹೇಗೆ ಎಂದು ಯಾರೂ ಕೇಳಲಿಲ್ಲ. ನೀವು ಎಷ್ಟು ಸಲ ಮಾಡಿದ್ದೀರಿ ಎಂದೂ ಕೇಳಲಿಲ್ಲ. ಮೇಷ್ಟ್ರು ಎತ್ತು ಎಂದರೆ ಎತ್ತಿದರು, ಇಳಿಸು ಎಂದರೆ ಇಳಿಸಿದರು.

ಮುಕ್ಕಾಲು ಗಂಟೆಯ ನಂತರ ಬೆವರೊರೆಸಿಕೊಂಡು, ಮತ್ತೆ ಕೋಟು ತೊಟ್ಟು ಬೀದಿಗಿಳಿದ ಮೇಷ್ಟ್ರಿಗೆ ಒಂದು ತಿಂಗಳಿಂದ ಕಾಣದಿದ್ದದ್ದು ಕಂಡಿತು. ಮೀನಿಗೆ ಮರ ಹತ್ತುವ ಚಪಲ ಬಂದಿತ್ತು, ಅಷ್ಟೇ. ಐದಕ್ಕೆ ಇನ್ನೂ ಎರಡು ಗಂಟೆಯಿತ್ತು. ಗಿರಾಕಿಯನ್ನು ಹುಡುಕುವ ಆಸೆ ಬಿಟ್ಟು ನೇರವಾಗಿ ಶಾಲೆಯ ದಾರಿ ಹಿಡಿದರು. ಹೆಡ್ ಮೇಡಂ ಮುಂದೆ ನಿಂತು ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿದರು: ತಪ್ಪಾಯ್ತು ಮೇಡಂ, ನನ್ನ ಕೆಲಸ ನನಗೆ ಕೊಡಿ.

ಹೆಡ್ ಮೇಡಂ ಕಾಗದಗಳ ರಾಶಿಯ ನಡುವೆ ತಲೆಗೆ ಕೈಕೊಟ್ಟು ಕೂತಿದ್ದರು. ಮೇಷ್ಟ್ರ ಕೋಟು ಕಂಡದ್ದೇ ಅವರ ಮುಖ ಅರಳಿತು. "ದೇವರು ಕಳಿಸಿದ ಹಾಗೆ ಬಂದ್ರಿ. ಕೂತ್ಕೊಳ್ಳಿ ಮೇಷ್ಟ್ರೇ."

ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಕೂತುಕೊಳ್ಳಿ ಎಂದದ್ದು ಅದೇ ಮೊದಲು. ತುದಿ ನಾಲಿಗೆಗೆ ಬಂದಿದ್ದ ಮಾತನ್ನು ಮೇಷ್ಟ್ರು ಸ್ವಲ್ಪ ಹಿಂದಕ್ಕೆ ತಳ್ಳಿದರು. ಮೇಡಂ ತಮ್ಮ ಕಷ್ಟ ಹೇಳಿಕೊಂಡರು. ನಾಳೆ ಆಡಳಿತ ಸಮಿತಿಯ ಸಭೆ. ಖರ್ಚು ಇಳಿಸದಿದ್ದರೆ ಬಿಡುವುದಿಲ್ಲವಂತೆ. ತಾವೋ ಸಸ್ಯಶಾಸ್ತ್ರದವರು, ಎಲೆ ಎಣಿಸಬಲ್ಲರು, ಅಂಕಿ ಎಣಿಸಲಾರರು. ಒಬ್ಬ ತಿಳಿದವರು ಸಿಕ್ಕಿದರೆ ಸಾಕೆಂದು ಬೆಳಗಿನಿಂದ ಯೋಚಿಸುತ್ತಿದ್ದರಂತೆ.

ಮೇಷ್ಟ್ರನ್ನು ಹಣದ ವಿಷಯದಲ್ಲಿ ತಿಳಿದವರೆಂದು ಹುಟ್ಟಿದಾಗಿನಿಂದ ಯಾರೂ ಕರೆದಿರಲಿಲ್ಲ. ಬಂದ ಕೆಲಸ ಹತ್ತು ನಿಮಿಷ ಕಾಯಲಿ ಎಂದುಕೊಂಡು ಕನ್ನಡಕ ಹಾಕಿಕೊಂಡರು. ಕರೆಂಟು, ನೀರು, ಸೀಮೆಸುಣ್ಣ, ಎಲ್ಲದರ ಮೇಲೂ ಬೆರಳಾಡಿಸಿದರು. ಮೂರು ವಾರದ ತರಬೇತಿ ಅವರ ಬಾಯಲ್ಲಿ ಮೊಟ್ಟಮೊದಲ ಬಾರಿಗೆ ಸಲೀಸಾಗಿ ಹರಿಯಿತು. ದನಿ ಕೂಡ ಮೆತ್ತಗಾಯಿತು.

"ಚಿಲ್ಲರೆ ಖರ್ಚು ಹಿಡಿದು ಪ್ರಯೋಜನ ಇಲ್ಲ ಮೇಡಂ," ಎಂದರು. "ಯಾವ ಖರ್ಚನ್ನ ಒಂದು ತಿಂಗಳು ನಿಲ್ಲಿಸಿದ್ರೂ ಯಾರೂ ಯಾಕೆ ಅಂತ ಕೇಳೋದಿಲ್ವೋ, ಅದು ಖರ್ಚಲ್ಲ, ಮಡಕೆಯ ತೂತು. ದಾಕ್ಷಿಣ್ಯ ನೋಡದೆ ಮುಚ್ಚಿಬಿಡಿ."

ಮೇಡಂ ಖರ್ಚಿನ ಪಟ್ಟಿಯನ್ನು ಎದುರಿಗೆ ಎಳೆದುಕೊಂಡರು. ಆಮೇಲೆ ಮೇಜಿನ ಡ್ರಾಯರ್ ಎಳೆದು ಒಂದು ಕಾಗದ ತೆಗೆದರು. ಮೇಷ್ಟ್ರದೇ ಕೈಬರಹದ ರಾಜೀನಾಮೆ. ಅದನ್ನು ಇವತ್ತಿನವರೆಗೂ ಸಮಿತಿಗೆ ಕಳಿಸಿರಲಿಲ್ಲವೆಂದೂ, ಮನಸ್ಸು ಬದಲಾಯಿಸಿ ವಾಪಸ್ ಬಂದರೆ ಜಾಗವಿರಲೆಂದು ಮೇಷ್ಟ್ರನ್ನು ರಜೆಯಲ್ಲಿರುವಂತೆ ತೋರಿಸಿದ್ದಾಗಿಯೂ ಹೇಳಿದರು. "ನಿಮ್ಮ ಮೇಲಿನ ದಾಕ್ಷಿಣ್ಯ, ಇನ್ನೇನು. ಈ ತಿಂಗಳು ಡ್ರಿಲ್ ಪೀರಿಯಡ್ಡಲ್ಲಿ ಮಕ್ಕಳು ಅವರ ಪಾಡಿಗೆ ಆಡಿಕೊಂಡಿದ್ರು. ಒಬ್ಬ ಪೋಷಕರೂ ಯಾಕೆ ಅಂತ ಕೇಳ್ಲಿಲ್ಲ. ಆ ಹುದ್ದೆನೇ ತೆಗೆದುಬಿಡೋಣ ಅಂತಿದ್ದೆ, ಕೈ ಬರ್ತಿರಲಿಲ್ಲ."

ಕೆಂಪು ಪೆನ್ನು ಆಗಲೇ ಪಟ್ಟಿಯಲ್ಲಿ ಡ್ರಿಲ್ ಮೇಷ್ಟ್ರ ಸಂಬಳದ ಸಾಲಿನ ಮೇಲೆ ನೆಟ್ಟಗೆ ಓಡಿತ್ತು.

ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು. ಕೆಲವು ಖರ್ಚುಗಳ ಫಲ ಕಾಣಲು ವರ್ಷಗಳೇ ಬೇಕು, ಮಕ್ಕಳ ಮೈಕೈ ಗಟ್ಟಿಯಾಗುವುದು ಲೆಕ್ಕಕ್ಕೆ ಸಿಗುವ ವಿಷಯವಲ್ಲ ಎಂದು ತೊದಲಿದರು. ಮೇಡಂ ಕಣ್ಣಲ್ಲಿ ನೀರೇ ಬಂತು. "ಹತ್ತೊಂಬತ್ತು ವರ್ಷ ಇದ್ದ ಜಾಗ, ಸಂಕಟ ಆಗೋದು ಸಹಜ. ಆದ್ರೂ ನಿಜವಾದ ಸಲಹೆನೇ ಕೊಟ್ರಿ. ತಾನು ಕೂತಿದ್ದ ಕುರ್ಚಿನೇ ಮುರಿದುಹಾಕಿ ಅನ್ನೋ ಸಲಹೆಗಾರ ಎಲ್ಲಿ ಸಿಗ್ತಾನೆ ಮೇಷ್ಟ್ರೇ?"

ಇಷ್ಟು ಹೊಗಳಿಸಿಕೊಂಡ ಮೇಲೆ ಕೆಲಸ ಕೊಡಿ ಎಂದು ಕೇಳುವುದಾದರೂ ಹೇಗೆ? ಶಾಲೆಯ ಹಣವನ್ನು ತಮ್ಮ ಯೋಜನೆಯಲ್ಲಿ ಹಾಕಬಹುದಲ್ಲ ಎಂದು ಮೇಷ್ಟ್ರು ಕ್ಷೀಣವಾಗಿ ಸೂಚಿಸಿದರು. ಖರ್ಚು ಇಳಿಸಲೇ ನಿಮ್ಮನ್ನು ಕೇಳಿದ್ದು, ಇರುವುದೆಲ್ಲ ಖರ್ಚಿಗೇ ಸರಿಹೋಗುತ್ತದೆ ಎಂದು ಮೇಡಂ ಕೈಮುಗಿದರು.

ಹೊರಗೆ ಶಾಲೆಯ ಗೋಡೆಗೊರಗಿ ನಿಂತಾಗ ಐದಕ್ಕೆ ಐದು ನಿಮಿಷ. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮ್ಯಾನೇಜರ್.

"ಏನಾಯ್ತು ಮೇಷ್ಟ್ರೇ? ಯಾರಾದರೂ ನಿಮ್ಮ ಮಾತು ಕೇಳಿದ್ರಾ?"

"ಒಬ್ಬರು ಕೇಳಿದ್ರಮ್ಮ. ನಾನು ಹೇಳಿದ್ದನ್ನ ಅಲ್ಲೇ, ಆಗಲೇ ಮಾಡಿದ್ರು."

"ಅಬ್ಬ, ಸದ್ಯ. ಎಷ್ಟರದ್ದು?"

ಮೇಷ್ಟ್ರು ಖಾಲಿ ಮೈದಾನವನ್ನೊಮ್ಮೆ ನೋಡಿದರು.

"ನನ್ನ ಪೂರ್ತಿ ಸಂಬಳದಷ್ಟು," ಎಂದರು.