ವಾರಗಿತ್ತಿಯ ಕರಿ ಪರದೆ

ಅಂಗಡಿಯಲ್ಲಿ ಕಂಪ್ಯೂಟರು, ಮನೆಯಲ್ಲಿ ವಾರಗಿತ್ತಿ, ಎರಡೂ ಇದ್ದವರಿಗೆ ಇಂಥದ್ದೆಲ್ಲ ಆಗ್ತಾನೇ ಇರುತ್ತೆ. ಚನ್ನಪಟ್ಟಣದಲ್ಲಿ ನಮ್ಮ ಮನೆಯ ಮುಂದಿನ ರೂಮೇ ಅಂಗಡಿ. ಜಮೀನಿನ ಪಾಣಿ ತೆಗೆದುಕೊಡ್ತೀವಿ, ಅರ್ಜಿ ಹಾಕ್ತೀವಿ, ಜೆರಾಕ್ಸೂ ಉಂಟು. ಶುರು ಮಾಡಿದ್ದು ನಾನು, ಈ ಮನೆಯ ದೊಡ್ಡ ಸೊಸೆ. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಕನಕಪುರದಿಂದ ಮೈದುನನ ಹೆಂಡತಿ ಬಂದಳು ನೋಡಿ, ಅತ್ತೆಯ ಕಣ್ಣು ಆ ಬೀಗದ ಕೈ ಮೇಲೆ ಬಿತ್ತು. "ಅಂಗಡಿ ಚಿಕ್ಕೋಳ್ಗೆ ವಹಿಸ್ಬುಟ್ರೆ ಎಂಗೆ?" ಅಂತ ದಿನಾ ಒಂದು ಸಲ ಗೋಡೆಗೆ ಹೇಳೋರು. ಗೋಡೆ ಪಕ್ಕದಲ್ಲಿ ನಾನು ನಿಂತಿರ್ತಿದ್ದೆ.

೧. ತಾತನ ಬೇಡಿಕೆ

ಅವಳು ಬಂದ ಹೊಸತು. ಅಂಗಡಿ ತುಂಬ ಜನ, ನೆಟ್ಟು ಹೋಯ್ತು. ನಾನು ಎಂದಿನಂತೆ ಸ್ವಿಚ್ಚು ಆರಿಸಿ ಹಾಕಿದೆ, ವೈಫೈ ಡಬ್ಬಿಯ ತಲೆ ಮೇಲೆ ಎರಡು ತಟ್ಟಿದೆ. ಉಹುಂ.

ಒಳಗಿಂದ ರಾಗಿ ಹಿಟ್ಟಿನ ಕೈ ಒರೆಸಿಕೊಳ್ತಾ ನನ್ನ ವಾರಗಿತ್ತಿ ಬಂದಳು. "ಅಕ್ಕಾ, ಒಸಿ ಜರುಗಿ" ಅಂದಳು. ನನ್ನ ಕುರ್ಚಿ! ಅದೇನೋ ಕರಿ ಪರದೆ ತೆಗೆದಳು, ಬಿಳಿ ಅಕ್ಷರ ಟಕಟಕ ಅಂತ ಹೊಡೆದಳು, ನೆಟ್ಟು ಬಂದೇಬಿಡ್ತು. ಮೌಸು ಮುಟ್ಟಲೇ ಇಲ್ಲ ಮಹಾರಾಯ್ತಿ.

ಮಾಗಡಿ ಕಡೆ ಕೆಂಪಾಪುರದಿಂದ ಮಗಳ ಮನೆಗೆ ಬಂದಿದ್ದ ತಾತ ಒಬ್ಬರು ಪಾಣಿಗೆ ಕಾಯ್ತಿದ್ದರು. "ಏನ್ ಮಾಡ್ದವ್ವ ಅದು?" ಅಂದರು.

"ಏನಿಲ್ಲ ತಾತ. ಈ ಕಂಪ್ಯೂಟರಿನ ಹಳೇ ವಿಳಾಸ ಬುಡ್ಸಿ ಹೊಸದು ಕೊಡು ಅಂತ ಕೇಳ್ದೆ ಅಷ್ಟೇಯ."

ತಾತ ಕುರ್ಚಿ ಹತ್ತಿರ ಬಗ್ಗಿದರು. "ಹಂಗಾರೆ ಅದ್ರಲ್ಲೇ ನನ್ ಪಾಣಿಯಿಂದ ನನ್ ತಮ್ಮನ ಹೆಸರೂ ಬುಡ್ಸ್ಬುಡವ್ವ. ಅವ್ನು ಊರಲ್ಲಿಲ್ಲ ಈಗ."

೨. ಶುಕ್ರವಾರದ ಪೂಜೆ

ಅವತ್ತಿಂದ ಬೀದಿಯವರೆಲ್ಲ "ಚಿಕ್ಕಮ್ಮೋರು ಒಳ್ಗವ್ರಾ?" ಅಂತ ಕೇಳ್ಕೊಂಡೇ ಬರೋರು. ನಾನು ಎದುರಿಗೆ ಕಂಬದ ಹಾಗೆ ಕೂತಿದ್ದರೂ! ಹೊಟ್ಟೆ ಉರೀದೆ ಇರುತ್ತಾ? ಯಜಮಾನರ ಹತ್ತಿರ ಹೇಳಿಕೊಂಡರೆ, "ನೀನೂ ಒಸಿ ನೋಡಿ ಕಲ್ತ್ಕೊ ಕಣೆ" ಅಂದರು. ಅವತ್ತು ಮುದ್ದೆಗೆ ಸಾರು ಅವರೇ ಬಡಿಸಿಕೊಂಡರು.

ಒಂದು ಶುಕ್ರವಾರ ಅತ್ತೆ ಅಂಗಡಿ ಪೂಜೆ ಮಾಡಿ ಒಳಗೆ ಹೋದರು. ವೈಫೈ ಡಬ್ಬಿಗೆ ಅರಿಶಿನ, ಕುಂಕುಮ, ಮೇಲೊಂದು ಕನಕಾಂಬರದ ದಂಡೆ. ನೆಟ್ಟಿಲ್ಲ. ವಾರಗಿತ್ತಿ ಕರಿ ಪರದೆಯಲ್ಲಿ ಹೊಡೆದಳು ಹೊಡೆದಳು, ಬೆವರಿದಳು. ನನಗೆ ಹಾಲು ಕುಡಿದಷ್ಟು ಸಂತೋಷ. ಮೆಲ್ಲಗೆ ಮೇಜಿನ ಹಿಂದೆ ಬಗ್ಗಿ ನೋಡಿದೆ. ದೇವರ ಪಟಕ್ಕೆ ಸೀರಿಯಲ್ ಲೈಟು ಹಾಕೋಕೆ ಅತ್ತೆ ಡಬ್ಬಿಯ ಪ್ಲಗ್ಗನ್ನೇ ಕಿತ್ತಿದ್ದರು! ಸಿಕ್ಕಿಸಿದೆ. ನೆಟ್ಟು ಬಂತು. "ಅತ್ತೆ, ಬನ್ನಿ ಇಲ್ಲಿ!" ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿದೆ.

ಅತ್ತೆ ಬಂದು ನೋಡಿ, ವಾರಗಿತ್ತಿಯ ಗಲ್ಲ ಹಿಡಿದು ನೆಟಿಗೆ ಮುರಿದರು. "ಪಾಪ, ಅಷ್ಟೊತ್ತಿಂದ ಒತ್ತಿದ್ಲಲ್ಲ ಕೂಸು, ಅದ್ಕೇ ಈಗ್ ಬಂತು."

೩. ಅರ್ಧ ವಿದ್ಯೆ

ಇನ್ನು ಸುಮ್ಮನಿರೋ ಮಾತೇ ಇಲ್ಲ ಅಂತ ತೀರ್ಮಾನ ಮಾಡಿದೆ. ಮುಂದಿನ ಸಲ ಅವಳು ಹೊಡೆಯುವಾಗ ಕಾಫಿ ಕೊಡೋ ನೆಪದಲ್ಲಿ ಹಿಂದೆ ನಿಂತೆ. ಐಪಿಕಾನ್ಫಿಗ್, ಓರೆ ಗೀಟು, ರಿಲೀಸ್ ಅಂತ ಹೊಡೆದಳು. ಅಷ್ಟು ಬಾಯಿಪಾಠ ಆಗೋ ಹೊತ್ತಿಗೆ ಅತ್ತೆ "ಹಾಲು ಉಕ್ತು ಕಣೇ!" ಅಂದರು, ಓಡಿದೆ. ವಾಪಸ್ ಬಂದಾಗ ನೆಟ್ಟು ಬಂದಿತ್ತು. ಇಷ್ಟೇನಾ ಇವಳ ವಿದ್ಯೆ ಅಂದುಕೊಂಡೆ.

ವಾರಗಿತ್ತಿ, ಮೈದುನ ಹರಕೆ ತೀರಿಸೋಕೆ ದೊಡ್ಡಮಳೂರಿನ ಗುಡಿಗೆ ಹೋದ ದಿನ. ಒಂದು ಅರ್ಜಿಗೆ ಅವತ್ತೇ ಕೊನೆ, ಅಂಗಡಿ ತುಂಬ ಜನ. ನೆಟ್ಟು ಹೋಗಿರಲಿಲ್ಲ, ಕುಂಟ್ತಾ ಇತ್ತು. ಅತ್ತೆ ಬಾಗಿಲಲ್ಲೇ ಕೂತು ಗೋಡೆ ಬಿಟ್ಟು ನೇರ ನನಗೇ ಹೇಳಿದರು: "ಇವತ್ತು ನಿನ್ ಕೈಲಿ ಆಗ್ದಿದ್ರೆ ಬೀಗದ್ ಕೈ ಅವ್ಳ್ಗೇ ಕೊಟ್ಬುಡು."

"ನೋಡ್ತಾ ಇರಿ" ಅಂತ ಸೆರಗು ಸಿಕ್ಕಿಸಿಕೊಂಡು ಕರಿ ಪರದೆ ತೆಗೆದೆ. ಜನ ಎದ್ದು ನಿಂತರು. ರಿಲೀಸ್ ಅಂತ ಹೊಡೆದು ಎಂಟರ್ ಒತ್ತಿದೆ. ಕುಂಟ್ತಿದ್ದ ನೆಟ್ಟು ಮಲಗೇಬಿಡ್ತು. ಇನ್ನೂ ಜೋರಾಗಿ ಒತ್ತಿದೆ. ಏನೂ ಇಲ್ಲ. ಜನ ಗೊಣಗೋಕೆ ಶುರು ಮಾಡಿದರು. ಮಾನ ಮೂರು ಕಾಸಿಗೆ ಹೋಗೋದು ಬೇಡ ಅಂತ ವಾರಗಿತ್ತಿಗೆ ಫೋನ್ ಮಾಡಿ, ಹೊಡೆದಿದ್ದನ್ನ ಹೇಳಿದೆ.

"ಅಕ್ಕಾ, ರಿಲೀಸ್ ಅಂದ್ರೆ ಇರೋ ವಿಳಾಸ ಬುಡೋದು. ಬುಟ್ಮೇಲೆ ಮತ್ತೆ ಹಿಡೀಬೇಕಲ್ವಾ?" ಗುಡಿಯ ಗಂಟೆ ಸದ್ದಿನಲ್ಲಿ ಕೂಗ್ತಾ ಒಂದೊಂದೇ ಅಕ್ಷರ ಹೇಳಿದಳು: ರಿನ್ಯೂ. ಒತ್ತಿದೆ. ಬಂತು! ಕುಂಟೋದೂ ನಿಂತಿತ್ತು. ಅರ್ಜಿ ಒಂದರ ಹಿಂದೆ ಒಂದು ಹೋದವು. ನಾನು ಎದೆಯುಬ್ಬಿಸಿ ಅತ್ತೆಯ ಕಡೆ ತಿರುಗಿದೆ.

ಅತ್ತೆ ಆಗಲೇ ನನ್ನ ಫೋನ್ ಕಿತ್ತುಕೊಂಡಿದ್ದರು. "ಗುಡೀಲಿ ನಿಂತ್ಕೊಂಡೇ ಇಲ್ಲಿ ನೆಟ್ಟು ತರ್ಸ್ಬುಟ್ಯಲ್ಲೇ ತಾಯಿ! ಬೀಗದ್ ಕೈ ನಿನ್ಗ್ಯಾಕವ್ವ, ದೊಡ್ಡೋಳ್ ತಾವೇ ಇರ್ಲಿ. ನೀನು ಮಂಚದ್ ಮೇಲೆ ಕುಂತು ಹೇಳು, ಅವ್ಳು ಒತ್ತಾಳೆ."