ಬೈಗುಳದ ಉಪವಾಸ

ಹೊಲಿಗೆಯಮ್ಮ ಸೊಸೆಯಾಗಿ ಬಂದ ದಿನ ನಾದಿನಿ ಅವಳ ಮುಖ ನೋಡಲಿಲ್ಲ, ರವಿಕೆಯ ತೋಳು ನೋಡಿದಳು.

“ದರ್ಜಿ ಮನೆಯವಳಂತೆ! ತೋಳು ಸೊಟ್ಟ!”

“ತೋಳು ನೆಟ್ಟಗಿದೆ, ನಿನ್ನ ಕತ್ತು ಸೊಟ್ಟ!”

ಅಂದು ಹತ್ತಿಕೊಂಡ ಜಗಳ ಇಬ್ಬರೂ ವಿಧವೆಯರಾದ ಮೇಲೂ ಆರಲಿಲ್ಲ. ಒಂದೇ ಮನೆ, ಒಂದೇ ಒಲೆ, ಎರಡು ನಾಲಿಗೆ.

ಒಂದು ವರ್ಷ, ಈಸ್ಟರ್‌ಗೆ ಮುಂಚಿನ ಲೆಂತ್ ಉಪವಾಸದ ಕಾಲ. ಬೈಬಲ್ ಕೂಟ ನಡೆಸುವ ನರ್ಸಮ್ಮ ಅಪ್ಪಣೆ ಕೊಟ್ಟರು: “ಒಬ್ಬೊಬ್ಬರೂ ಇಷ್ಟವಾದದ್ದು ಏನಾದರೊಂದು ಈಸ್ಟರ್‌ವರೆಗೆ ಬಿಡಿ. ಏನು ಬಿಟ್ಟಿರಿ ಅಂತ ದೇವರಿಗಲ್ಲದೆ ಯಾರಿಗೂ ಹೇಳಬೇಡಿ.”

ಬೇರೆಯವರು ಸಕ್ಕರೆ ಬಿಟ್ಟಿರಬಹುದು. ಯಃಕಶ್ಚಿತ್ ಸಕ್ಕರೆ! ಹೊಲಿಗೆಯಮ್ಮ ಬೈಯುವುದನ್ನೇ ಬಿಟ್ಟಳು! ಸಂತರ ಸಾಲಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದಷ್ಟು ಹೆಮ್ಮೆ.

ಅದೇ ವಾರ ನಾದಿನಿ ಎದೆನೋವೆಂದು ಆಸ್ಪತ್ರೆಗೆ ಹೋಗಿ, ಬರೀ ಗ್ಯಾಸ್ ಎನ್ನಿಸಿಕೊಂಡು ಬಂದಿದ್ದಳು. ಮರುದಿನ ಪಾತ್ರೆ ತುಂಬ ಹಾಲು ಚೆಲ್ಲಿದಳು.

“ಹೋಗ್ಲಿ ಬಿಡಮ್ಮ, ನಾನು ಒರೆಸ್ತೀನಿ.”

ನಾದಿನಿ ಬಿಳಿಚಿಕೊಂಡಳು. “ಅತ್ತಿಗೇ... ಡಾಕ್ಟರು ನಿನ್ನ ಹತ್ರ ಬೇರೆ ಏನಾದ್ರೂ ಹೇಳಿದ್ರಾ?”

“ಏನೂ ಇಲ್ಲ ಕಣಮ್ಮ.”

“ಎರಡು ಸಲ ಅಮ್ಮ ಅಂದೆ! ಮುಗೀತು ನನ್ನ ಕಥೆ!”

ಅಂದೇ ಹಾಸಿಗೆ ಹಿಡಿದಳು. ಊಟ ಬಿಟ್ಟಳು. ಕೊಡೆಯನ್ನು ಪಕ್ಕದ ಮನೆಯವಳಿಗೆ ದಾನ ಮಾಡಿದಳು. ಹೊಲಿಗೆಯಮ್ಮನಿಗೋ ನಿಜ ಹೇಳುವ ಹಾಗಿಲ್ಲ. ಬೇಡಿಕೊಂಡಷ್ಟೂ ಮಾತು ಮೆತ್ತಗಾಗುತ್ತಿತ್ತು, ಮೆತ್ತಗಾದಷ್ಟೂ ನಾದಿನಿ ಸೊರಗುತ್ತಿದ್ದಳು. ಸಾಲದೆಂದು ಕೂಟದವರು ಬಂದು ಮಂಚದ ಸುತ್ತ ಕೂತು, ಸತ್ತು ನಾಲ್ಕು ದಿನವಾದವನನ್ನು ಯೇಸು ಎಬ್ಬಿಸಿದ ಭಾಗವನ್ನೇ ಓದಿದರು!

“ಅವನಿಗೆ ಅಳೋಕೆ ಇಬ್ಬರು ಅಕ್ಕತಂಗಿಯರಿದ್ರು,” ನಾದಿನಿ ನರಳಿದಳು. “ನನಗಿರೋದು ಇವಳೊಬ್ಬಳು. ಪಾಪ, ಒಳ್ಳೆಯವಳು.”

ಒಳ್ಳೆಯವಳು! ಹೊಲಿಗೆಯಮ್ಮ ದಡಕ್ಕನೆ ಎದ್ದು ನಿಂತಳು. ಇವಳು ನಿಜವಾಗಿಯೂ ಸಾಯುತ್ತಾಳೆ!

“ಏಳೇ, ಸೋಮಾರಿ ಶಿಖಾಮಣಿ! ಗ್ಯಾಸ್‌ಗೆ ಯಾರಾದ್ರೂ ಸಾಯ್ತಾರೇನೇ? ನನ್ನ ಗಂಡನ ಕೊಡೆ ಕೊಟ್ಟುಬಿಟ್ಟೆಯಲ್ಲೇ!”

ಕೂಟದವರ ಬೈಬಲ್‌ಗಳು ಪಟಪಟನೆ ಮುಚ್ಚಿಕೊಂಡವು. ನಾದಿನಿ ಎದ್ದು ಕೂತಳು. “ಅದು ನಮ್ಮಣ್ಣನ ಕೊಡೆ! ನಿನ್ನಪ್ಪ ಕೊಡಿಸಿದ್ದಲ್ಲ! ಮೊದಲು ಗಂಜಿ ತಾ.”

“ಬಿಟ್ಟದ್ದು ಇದನ್ನೇನಮ್ಮಾ?” ನರ್ಸಮ್ಮ ಮೆಲ್ಲಗೆ ಕೇಳಿದರು.

“ನಾಳೆಯಿಂದ ಸಕ್ಕರೆ ಬಿಡ್ತೀನಿ, ಬಿಡಿ,” ಎಂದು ಸಂತರ ಸಾಲಿನಿಂದ ಇಳಿದಳು ಹೊಲಿಗೆಯಮ್ಮ.

ಮರುವರ್ಷ ನಾದಿನಿಗೆ ಎದೆನೋವು ಮತ್ತೆ ಬಂತು. ಈ ಸಲ ಡಾಕ್ಟರು ಹೊಲಿಗೆಯಮ್ಮನನ್ನು ಪಕ್ಕಕ್ಕೆ ಕರೆದರು. ಕೇಳಿದವಳು ಹೊರಗಿನ ನಲ್ಲಿ ಬಿಟ್ಟುಕೊಂಡು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ವಾರ್ಡಿಗೆ ನುಗ್ಗಿದಳು. ತಲೆ ಬಾಚಿಲ್ಲ, ಹೊದಿಕೆ ನೆಲ ಗುಡಿಸುತ್ತಿದೆ, ಮಾತ್ರೆ ನುಂಗಿಲ್ಲ, ಶನಿ, ಪೀಡೆ! ಜನ್ಮದಲ್ಲೇ ಹಾಗೆ ಬೈದಿರಲಿಲ್ಲ. ಪಕ್ಕದ ಮಂಚದವರು ಮುಸುಕು ಹಾಕಿಕೊಂಡರು.

ನಾದಿನಿ ನೆಮ್ಮದಿಯಿಂದ ದಿಂಬಿಗೊರಗಿ ಕಣ್ಣು ಮುಚ್ಚಿದಳು.

“ಹಾಗಾದ್ರೆ ಡಾಕ್ಟರು ಏನೂ ಇಲ್ಲ ಅಂದ್ರು, ಅಲ್ವಾ ಅತ್ತಿಗೆ?”